ಅಜ್ಜನ ಮನೆಯ ವಯಸ್ಸು ಎಷ್ಟು? ಸಾಗರ ಸೀಮೆಯ ಒಂದು ಹಳೆಯ ಮನೆಯ ಹುಡುಕಾಟ

ಪ್ರಶ್ನೆ – ಸಾಗರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ನಮ್ಮ ಅಜ್ಜನ ಮನೆ ಇದೆ. ಅಡಿಕೆ ತೋಟದ ತಲೆಯ ಮೇಲೆ, ಗುಡ್ಡಕ್ಕೆ ಬೆನ್ನು ಕೊಟ್ಟು ಕಟ್ಟಿದ ಮನೆ. ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಗೋಡೆ, ಮರದ ಮುಚ್ಚಿಗೆ, ಹೆಂಚಿನ ಮಾಡು, ಹೆಬ್ಬಾಗಿಲು ದಾಟಿದರೆ ಅಂಗಳ, ಅದರ ಆಚೆಗೆ ಜಗಲಿ, ನಡುಮನೆ, ದೇವರ ಕೋಣೆ. ಈ ಮಳೆಗಾಲದಲ್ಲಿ ಅಡುಗೆಮನೆಯ ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ. ದೀಪಾವಳಿ ಕಳೆದ ಮೇಲೆ ಮಾಡು ಇಳಿಸಿ, ಆ ಭಾಗವನ್ನು ಬಿಚ್ಚಿ ಕಟ್ಟಿಸುವುದೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದಾರೆ. ಬಿಚ್ಚುವುದಕ್ಕೆ ಮೊದಲು ಈ ಮನೆಯನ್ನು ಯಾರು, ಯಾವಾಗ, ಹೇಗೆ ಕಟ್ಟಿದರೆಂಬುದನ್ನು ತಿಳಿದು ಬರೆದಿಡಬೇಕೆಂಬುದು ನನ್ನ ಆಸೆ, ಏಕೆಂದರೆ ಒಮ್ಮೆ ಕಳಚಿದ ಮೇಲೆ ಕೇಳುವುದಕ್ಕೆ ಗೋಡೆಯೂ ಇರುವುದಿಲ್ಲ.

ನನ್ನ ಕೈಯಲ್ಲಿರುವ ಸುಳಿವುಗಳು ಒಂದಕ್ಕೊಂದು ಹೊಂದುತ್ತಿಲ್ಲ. ಇದು ಕೆಳದಿಯ ಅರಸ ಶಿವಪ್ಪನಾಯಕನ ಕಾಲದ ಮನೆಯೆಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ಮಾಡಿನ ಹೆಂಚಿನ ಬೆನ್ನಿನ ಮೇಲೆ ಆಲ್ಬುಕರ್ಕ್ ಎಂಬ ಹೆಸರು, ಮಂಗಳೂರು ಎಂಬ ಊರು, 1868 ಎಂಬ ವರ್ಷ ಅಚ್ಚಾಗಿವೆ. ನಡುಮನೆಯ ಪ್ರಧಾನ ಬಾಗಿಲಿನ ಮೇಲುಪಟ್ಟಿಯಲ್ಲಿ ‘ವ್ಯಯ ಸಂ|| ವೈಶಾಖ ಶು|| 10’ ಎಂದು ಕೆತ್ತಿದ್ದು, ಅದರ ಮುಂದಿನ ಅಕ್ಷರಗಳ ಮೇಲೆ ಸುಣ್ಣ ಕೂತಿದೆ. ಅಟ್ಟದಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆಯ ತುಂಬ ಕಾಗದಗಳು, ಒಂದು ಕಪ್ಪು ಬಟ್ಟೆಯ ಮಡಿಕೆ ಪುಸ್ತಕ, ಹಿತ್ತಾಳೆಯ ಪಟ್ಟಿ ಹಾಕಿದ ಎರಡು ಕೊಳಗ (ಧಾನ್ಯ ಅಳೆಯುವ ಪಾತ್ರೆ) ಇವೆ. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ – ಹಳೆಮನೆ ದುರಸ್ತಿಯವರು, ಮಂಗಳೂರು

ಮೊದಲು ಹೆಂಚಿನ ವಿಷಯವನ್ನು ಇತ್ಯರ್ಥ ಮಾಡೋಣ, ಏಕೆಂದರೆ ಬಹಳ ಮಂದಿ ಎಡವುವುದು ಇಲ್ಲಿಯೇ. ಹೆಂಚಿನ ಮೇಲಿನ ವರ್ಷ ಆ ಹೆಂಚು ತಯಾರಾದ ವರ್ಷವಲ್ಲ, ಕಾರ್ಖಾನೆ ಆರಂಭವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಅವರ ಹೆಂಚುಗಳ ಮೇಲೆ ಆ ವರ್ಷವೇ ಇರುತ್ತದೆ. ಆಲ್ಬುಕರ್ಕ್ ಕಾರ್ಖಾನೆಯವರು 1868 ಎಂದು ಒತ್ತುತ್ತಿದ್ದರು. ಅದೇ ಅಚ್ಚಿನ ಹೆಂಚುಗಳನ್ನು ಹತ್ತಾರು ವರ್ಷ ಮಾರಿದ್ದಾರೆ. ಹಾಗಾಗಿ ನಿಮ್ಮ ಹೆಂಚು ಹೇಳುವುದು ಇಷ್ಟೇ: ಈ ಮಾಡು 1868ಕ್ಕಿಂತ ಹಿಂದಿನದಲ್ಲ. ಎಷ್ಟು ಈಚಿನದು ಎಂಬುದನ್ನು ಅದು ಹೇಳುವುದಿಲ್ಲ. ಕೆಲವೊಮ್ಮೆ ಹೆಸರು ಹೆಚ್ಚು ಸಹಾಯ ಮಾಡುತ್ತದೆ. ಮೊದಲ ಮಹಾಯುದ್ಧದ ಬಳಿಕ ಬಾಸೆಲ್ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದುದರಿಂದ, ಆ ಟ್ರಸ್ಟಿನ ಹೆಸರಿರುವ ಹೆಂಚು ಯುದ್ಧದ ನಂತರದ್ದೆಂದು ನಿಶ್ಚಯವಾಗಿ ಹೇಳಬಹುದು.

ಹೆಂಚಿಗೆ ಮೊದಲು ನಿಮ್ಮ ಸೀಮೆಯ ಮನೆಗಳಿಗೆ ಅಡಿಕೆ ಸೋಗೆಯನ್ನೋ ಹುಲ್ಲನ್ನೋ ಹೊದಿಸುತ್ತಿದ್ದರು, ಕೆಲವೆಡೆ ಕುಂಬಾರರ ನಾಡಹೆಂಚೂ ಇತ್ತು. ಸೋಗೆಯ ಮಾಡು ಹೆಂಚಿನ ಮಾಡಿಗಿಂತ ಕಡಿದಾಗಿರಬೇಕು, ಇಲ್ಲದಿದ್ದರೆ ಮಲೆನಾಡಿನ ಮಳೆಗೆ ನೀರು ಒಳಗಿಳಿಯುತ್ತದೆ. ಆದ್ದರಿಂದ ಅಟ್ಟಕ್ಕೆ ಹತ್ತಿ ಬದಿಯ ಗೋಡೆಯ ತ್ರಿಕೋನದ ಭಾಗವನ್ನು ಬೆಳಕು ಹಾಕಿ ನೋಡಿ. ಹಳೆಯ ಮಾಡಿನ ಇಳಿಜಾರಿನ ಗುರುತು ಓರೆ ಗೆರೆಯಾಗಿ ಉಳಿದಿರುತ್ತದೆ. ಆ ಗೆರೆಯ ಕೆಳಗೆ ಇಲ್ಲಣ (ಹೊಗೆಯ ಮಸಿ) ಹಿಡಿದು ಕಪ್ಪಾಗಿದ್ದು, ಮೇಲಿನ ಭಾಗ ತಿಳಿಯಾಗಿದ್ದರೆ ಮಾಡು ಬದಲಾಗಿದೆಯೆಂದೇ ಅರ್ಥ. ತೊಲೆಯ ಮೈಯನ್ನೂ ಕೈಯಿಂದ ಸವರಿ ನೋಡಿ. ಬಾಚಿಯಿಂದ ಕೆತ್ತಿದ ಮರದಲ್ಲಿ ಸಣ್ಣ ಸಣ್ಣ ತಗ್ಗುಗಳು ಅಲೆಯಂತೆ ಬೆರಳಿಗೆ ಸಿಗುತ್ತವೆ. ಯಂತ್ರದ ಗರಗಸ ಹಾಯ್ದ ಮರದಲ್ಲಿ ಒಂದೇ ಅಂತರದ ನೇರ ಗೀರುಗಳಿರುತ್ತವೆ. ಕೂಡುಗಳಿಗೆ ಮರದ ಬೆಣೆ ಹೊಡೆದಿದೆಯೋ ಕಬ್ಬಿಣದ ಮೊಳೆ ಹೊಡೆದಿದೆಯೋ ಎಂಬುದನ್ನೂ ಕೋಣೆ ಕೋಣೆಗೆ ಬರೆದುಕೊಳ್ಳಿ. ಹಳೆಯ ಮನೆಗೆ ಒಂದೇ ವಯಸ್ಸು ಇರುವುದು ಅಪರೂಪ. ನಡುಮನೆಗೊಂದು, ಜಗಲಿಗೊಂದು, ಕೊಟ್ಟಿಗೆಗೊಂದು ವಯಸ್ಸಿರುತ್ತದೆ.

ಉತ್ತರ – ನಿವೃತ್ತ ಭೂಮಾಪಕ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರಪಳಿ ಎಳೆದವನ ಅನುಭವದಿಂದ ದಾಖಲೆಗಳ ದಾರಿಯನ್ನು ಹೇಳುತ್ತೇನೆ. ಇಂದಿನಿಂದ ಆರಂಭಿಸಿ ಹಿಂದಕ್ಕೆ ನಡೆಯಿರಿ. ಹಳೆಯದರಿಂದ ಮುಂದಕ್ಕೆ ಬರಲು ಹೋದವರು ಅರ್ಧದಲ್ಲಿಯೇ ದಾರಿ ತಪ್ಪುತ್ತಾರೆ.

ಮೊದಲು ನೋಡಬೇಕಾದದ್ದು ಮನೆ ಊರಿನ ವಾಸಕ್ಕೆಂದು ಬಿಟ್ಟ ಗ್ರಾಮಠಾಣಾದಲ್ಲಿದೆಯೋ ಸರ್ವೆ ನಂಬರಿನ ಜಮೀನಿನಲ್ಲಿದೆಯೋ ಎಂಬುದು. ಬಯಲುಸೀಮೆಯಲ್ಲಿ ಊರಿನ ಮನೆಗಳೆಲ್ಲ ಗ್ರಾಮಠಾಣಾದ ಒಳಗೆ ಒತ್ತಾಗಿರುತ್ತವೆ, ಅವುಗಳಿಗೆ ಪಹಣಿ ಇರುವುದಿಲ್ಲ, ಗ್ರಾಮ ಪಂಚಾಯಿತಿಯ ತೆರಿಗೆ ಪುಸ್ತಕ ಮತ್ತು ನಮೂನೆ 9, 11ರ ದಾಖಲೆಗಳೇ ಆಧಾರ. ಮಲೆನಾಡಿನಲ್ಲಿ ಮನೆಗಳು ತೋಟ ಗದ್ದೆಗಳ ನಡುವೆ ಒಂಟೊಂಟಿಯಾಗಿರುವುದರಿಂದ ಬಹುಪಾಲು ಮನೆಗಳು ಸರ್ವೆ ನಂಬರಿನಲ್ಲಿಯೇ ಬರುತ್ತವೆ, ಮನೆ ನಿಂತ ಜಾಗವನ್ನು ಸಾಗುವಳಿಗೆ ಬಾರದ ಖರಾಬು ಎಂದು ಕಳೆದಿರುತ್ತಾರೆ. ನೀವು ಹೇಳಿದ ವಿವರದಂತೆ ನಿಮ್ಮದು ಎರಡನೆಯ ಬಗೆಯದು.

ಹಾಗಾದರೆ ಪಹಣಿಯ 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರರ ವಿವರ ಇರುತ್ತದೆ. 10ನೇ ಕಾಲಮ್ಮಿನಲ್ಲಿರುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ಪುಸ್ತಕ) ಸಂಖ್ಯೆಯೇ ನಿಮ್ಮ ಏಣಿಯ ಮೊದಲ ಮೆಟ್ಟಿಲು. ಆ ಸಂಖ್ಯೆಯ ಮ್ಯುಟೇಷನ್ ನಕಲು ತೆಗೆಸಿದರೆ ಪೌತಿ ಖಾತೆಯೋ (ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು) ವಿಭಾಗವೋ ಕ್ರಯವೋ ತಿಳಿಯುತ್ತದೆ. ಅಲ್ಲಿಂದ ಅದರ ಹಿಂದಿನದಕ್ಕೆ ಹೋಗಬಹುದು. ‘ಭೂಮಿ’ ತಂತ್ರಾಂಶದಲ್ಲಿ ಸಿಗುವುದು ಗಣಕೀಕರಣದ ನಂತರದ್ದು. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಅದಕ್ಕೂ ಹಿಂದಿನ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕಬೇಕು. ಈಗ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ, ಹಿಂದೆ ನಾಲ್ಕು ಸಲ ಅಲೆಯಬೇಕಾಗಿದ್ದ ಕೆಲಸ ಈಗ ಸ್ವಲ್ಪ ಹಗುರವಾಗಿದೆ.

ಸರ್ವೆ ಇಲಾಖೆಯಲ್ಲಿ ಮೂಲ ಟಿಪ್ಪಣಿಯ (ಮೊದಲ ಸರ್ವೆಯ ಅಳತೆಯ ನಕ್ಷೆ) ನಕಲನ್ನು ತಪ್ಪದೆ ಕೇಳಿ. ಮೈಸೂರು ಸಂಸ್ಥಾನದಲ್ಲಿ ಸರ್ವೆ ಇಲಾಖೆ ಆರಂಭವಾದದ್ದು 1863ರಲ್ಲಿ. 33 ಅಡಿಯ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿ ಅಳೆದ ಲೆಕ್ಕ ಅದರಲ್ಲಿರುತ್ತದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ ಒಂದು ಗುಂಟೆ, 1089 ಚದರ ಅಡಿ. ಟಿಪ್ಪಣಿಯ ಗೆರೆಗಳ ನಡುವೆ ಮನೆ, ಬಾವಿ, ದಾರಿಗಳನ್ನು ಗುರುತು ಮಾಡಿದ್ದರೆ ಆ ಸರ್ವೆಯ ದಿನ ಅಲ್ಲಿ ಮನೆಯಿತ್ತೆಂಬುದಕ್ಕೆ ಅದಕ್ಕಿಂತ ನಿಷ್ಪಕ್ಷಪಾತ ಸಾಕ್ಷಿ ಬೇರೆ ಇಲ್ಲ. ಅಳೆಯಲು ಹೋದವನಿಗೆ ಆ ಮನೆ ಹಳೆಯದೋ ಹೊಸದೋ, ಯಾರ ಗೌರವದ್ದೋ ಎಂಬ ಚಿಂತೆ ಇರುವುದಿಲ್ಲ, ಕಂಡದ್ದನ್ನು ಬರೆಯುತ್ತಾನೆ.

ಉತ್ತರ – ದಸ್ತಾವೇಜು ಬರಹಗಾರರು, ಶಿವಮೊಗ್ಗ

ಭೂಮಾಪಕರ ಮಾತಿಗೆ ಒಂದು ಸೇರ್ಪಡೆ. ಕಂದಾಯ ದಾಖಲೆಯಲ್ಲಿ ಜಮೀನಿನ ಕಥೆ ಸಿಗುತ್ತದೆ, ಮನೆಯ ವರ್ಣನೆ ಸಿಗುವುದು ನೋಂದಾಯಿತ ಪತ್ರಗಳಲ್ಲಿ. ಉಪನೋಂದಣಾಧಿಕಾರಿಗಳ ಕಚೇರಿಯ 1ನೇ ಪುಸ್ತಕದಲ್ಲಿ ಸ್ಥಿರಾಸ್ತಿಯ ಪತ್ರಗಳ ನಕಲು ಇರುತ್ತದೆ. ಅದನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹೆಸರಿನ ಮೇಲೆ ಹುಡುಕಲು ಇಂಡೆಕ್ಸ್ 1, ಆಸ್ತಿಯ ಮೇಲೆ ಹುಡುಕಲು ಇಂಡೆಕ್ಸ್ 2. ಗಣಕದಲ್ಲಿ ಬರುವ ಋಣಭಾರ ಪತ್ರ ಸಾಮಾನ್ಯವಾಗಿ 2004ರಿಂದ ಈಚಿನದು, ಹಿಂದಿನದಕ್ಕೆ ಕೈಯಿಂದಲೇ ಶೋಧ ಮಾಡಿಸಬೇಕು.

ಪತ್ರ ಸಿಕ್ಕಿದ ಮೇಲೆ ಮೇಲಿನ ಒಕ್ಕಣೆಯನ್ನು ಓದಿ ಮುಗಿಸಬೇಡಿ, ಕೊನೆಯ ಷೆಡ್ಯೂಲಿಗೆ ಬನ್ನಿ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಬರೆದ ಕೆಳಗೆ ‘ಇದರಲ್ಲಿರುವ ವಾಸದ ಮನೆ, ಕೊಟ್ಟಿಗೆ, ಬಾವಿ, ಹಿತ್ತಲು ಸಹ’ ಎಂಬ ಸಾಲು ಇರುತ್ತದೆ. ಪಾಲುಪಟ್ಟಿಯಾದರೆ ಇನ್ನೂ ವಿವರ ಹೆಚ್ಚು. ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದೊಂದು ಕೋಣೆ, ಒಂದೊಂದು ಕಡಾಯಿ, ಕೊನೆಗೆ ಬಾವಿಯ ನೀರು ಸೇದುವ ಹಕ್ಕನ್ನೂ ಬರೆದು ಹಂಚಿಕೊಂಡಿರುತ್ತಾರೆ. ಪಕ್ಕದ ಜಮೀನಿನ ಪತ್ರಗಳನ್ನೂ ಹುಡುಕಿಸಿ. ನಿಮ್ಮ ಮನೆ ನೆರೆಯವರ ಚಕ್ಕುಬಂದಿಯಲ್ಲಿಯೂ ಒಂದು ಎಲ್ಲೆಯಾಗಿ ನಿಂತಿರುತ್ತದೆ, ಅಲ್ಲಿ ಅದರ ಯಜಮಾನನ ಹೆಸರು ತೇದಿಯೊಂದಿಗೆ ಇರುತ್ತದೆ.

ಉತ್ತರ – ಪಂಚಾಂಗದ ಅಭ್ಯಾಸವುಳ್ಳವರು

ಬಾಗಿಲಿನ ಬರಹವೇ ನಿಮ್ಮ ಬಳಿಯಿರುವ ದೊಡ್ಡ ಸಾಕ್ಷಿ. ನಮ್ಮ ದಕ್ಷಿಣದ ಎಣಿಕೆಯಲ್ಲಿ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ವ್ಯಯ ಸಂವತ್ಸರ 2006ರಲ್ಲಿ ಬಂದಿತ್ತು, ಅದಕ್ಕೆ ಹಿಂದೆ 1946, 1886, 1826ರಲ್ಲಿ. ಶಕವರ್ಷವನ್ನು ಕೆತ್ತದೆ ಬರಿಯ ಸಂವತ್ಸರವನ್ನು ಕೆತ್ತಿದ್ದರೆ ಈ ಮೂರು ನಾಲ್ಕರಲ್ಲಿ ಯಾವುದೆಂದು ಹೇಳಲಾಗದು. ಆದರೆ ಸುಣ್ಣದ ಕೆಳಗೆ ವಾರದ ಹೆಸರಿರುವ ಸಂಭವ ಹೆಚ್ಚು, ವಾರವೊಂದು ಸಿಕ್ಕಿದರೆ ಗಂಟು ಬಿಚ್ಚುತ್ತದೆ. ನಾನು ಗಣಿತ ಮಾಡಿ ನೋಡಿದ್ದೇನೆ. ವೈಶಾಖ ಶುದ್ಧ ದಶಮಿ 1826ರಲ್ಲಿ ಮೇ 17ರ ಬುಧವಾರ, 1886ರಲ್ಲಿ ಮೇ 13ರ ಗುರುವಾರ, 1946ರಲ್ಲಿ ಮೇ 10ರ ಶುಕ್ರವಾರ ಬಿದ್ದಿದೆ. ಮೂರೂ ಬೇರೆ ಬೇರೆ ವಾರ. ದಯವಿಟ್ಟು ಉಳಿ, ಚಾಕು, ಉಪ್ಪುಕಾಗದ ಯಾವುದನ್ನೂ ಮುಟ್ಟಿಸಬೇಡಿ. ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಸುಣ್ಣ ತಾನಾಗಿ ಬಿಡುವಷ್ಟು ಮಾತ್ರ ಒರೆಸಿ. ರಾತ್ರಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಬಾಗಿಲಿನ ತಿಥಿಯೆಂದರೆ ಬಾಗಿಲು ನಿಲ್ಲಿಸಿದ ಮುಹೂರ್ತ. ಮನೆ ಮುಗಿದು ಒಕ್ಕಲಾದದ್ದು ಅದರ ಮುಂದಿನ ವರ್ಷವೂ ಆಗಿರಬಹುದು.

ಉತ್ತರ – ಮುಳುಗಡೆಯ ಊರಿನವರು

ಬಾಗಿಲಿನ ವಯಸ್ಸೇ ಮನೆಯ ವಯಸ್ಸೆಂದು ಒಮ್ಮೆಗೇ ತಿಳಿಯಬೇಡಿ, ತಂಗಿ. ನನ್ನ ಮನೆಯ ಕಥೆಯನ್ನು ಹೇಳುತ್ತೇನೆ. ನಮ್ಮ ಮೂಲ ಊರು ಶರಾವತಿಯ ದಂಡೆಯ ಮೇಲಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ನಮ್ಮ ಊರು ನೀರಿನ ಅಡಿಗೆ ಹೋಯಿತು. ಏಳುವಾಗ ನಮ್ಮ ಅಪ್ಪ ಮತ್ತು ಚಿಕ್ಕಪ್ಪಂದಿರು ಮನೆಯ ಕಂಬ, ತೊಲೆ, ಬಾಗಿಲುವಾಡಗಳನ್ನು (ಬಾಗಿಲಿನ ಚೌಕಟ್ಟು) ಬಿಚ್ಚಿ, ಪ್ರತಿಯೊಂದಕ್ಕೂ ಮಸಿಯಲ್ಲಿ ಗುರುತು ಹಾಕಿ, ಗಾಡಿಯಲ್ಲಿ ಹೇರಿಕೊಂಡು ಬಂದರು. ಈಗಿನ ಮನೆಯ ಗೋಡೆ ನನ್ನ ಕಣ್ಣೆದುರಿಗೇ ಎದ್ದದ್ದು, ಅದರ ಕಂಬಗಳು ಅಜ್ಜನ ಅಜ್ಜನ ಕಾಲದವು. ನಾಲ್ಕು ಕಂಬಗಳಲ್ಲಿ ಒಂದರ ಬುಡ ಹಳೆಯ ಊರಿನಲ್ಲಿಯೇ ಗೆದ್ದಲು ತಿಂದಿದ್ದರಿಂದ ಒಂದು ಗೇಣು ಕತ್ತರಿಸಿ, ಕೆಳಗೆ ಎತ್ತರದ ಕಲ್ಲು ಕೊಟ್ಟಿದ್ದಾರೆ. ನೋಡಿದವರೆಲ್ಲ ಆ ಒಂದು ಕಂಬದ ಕಲ್ಲು ಏಕೆ ಎತ್ತರವೆಂದು ಕೇಳುತ್ತಾರೆ. ಪ್ರತಿ ಸಲವೂ ನಾನು ಊರಿನ ಹೆಸರಿನಿಂದಲೇ ಕಥೆ ಆರಂಭಿಸುತ್ತೇನೆ, ಏಕೆಂದರೆ ನಕ್ಷೆಯಲ್ಲಿ ಅದು ಇಲ್ಲ.

ಆದ್ದರಿಂದ ಬಾಗಿಲುವಾಡ ಗೋಡೆಯೊಂದಿಗೆ ಹುಟ್ಟಿದ್ದೋ, ಆಮೇಲೆ ಬಂದು ಕೂತದ್ದೋ ಎಂಬುದನ್ನು ನೋಡಿ. ಕೆಲಸಕ್ಕೆ ಬಾರದ ಹಳೆಯ ತೂತು, ಮುಚ್ಚಿದ ಕಚ್ಚು, ಒಂದಕ್ಕೊಂದು ಹೊಂದದ ಬೋದಿಗೆ (ಕಂಬದ ತಲೆಯ ಮೇಲಿನ ಮರ) ಕಂಡರೆ ಮರ ಬೇರೆ ಮನೆಯಿಂದ ಬಂದಿದೆಯೆಂದು ತಿಳಿಯಬಹುದು.

ಪ್ರಶ್ನೆ ಕೇಳಿದವರು – ಸಾಗರದ ಮೊಮ್ಮಗಳು

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಶನಿವಾರ ಊರಿಗೆ ಹೋಗಿ ಎರಡು ದಿನ ಇದ್ದು ಬಂದೆ. ರಾತ್ರಿ ವಿದ್ಯುತ್ತು ಆರಿಸಿ, ಚಿಕ್ಕಪ್ಪ ಏಣಿ ಹಿಡಿದುಕೊಂಡು, ನಾನು ಟಾರ್ಚನ್ನು ಮೇಲುಪಟ್ಟಿಗೆ ಓರೆಯಾಗಿ ಹಿಡಿದೆವು. ಒದ್ದೆ ಬಟ್ಟೆಗೆ ಸುಣ್ಣ ಪದರ ಪದರವಾಗಿ ಬಿಟ್ಟಿತು, ನೀಲಿ, ಹಳದಿ, ಮತ್ತೆ ಬಿಳಿ. ಎಲ್ಲದರ ಕೆಳಗೆ ಮೊದಲು ‘ಗು’ ಕಂಡಿತು, ಆಮೇಲೆ ‘ರು’. ಚಿಕ್ಕಪ್ಪ ಏಣಿಯನ್ನು ಬಿಟ್ಟೇಬಿಟ್ಟರು, ನಾನು ಬಾಗಿಲುವಾಡ ಹಿಡಿದು ನಿಂತೆ. ಗುರುವಾರವೆಂದರೆ 1886ರ ಮೇ 13. ಬಾಗಿಲುವಾಡದ ಕಲ್ಲಿನ ಹೊಸ್ತಿಲಿಗೂ ಗೋಡೆಗೂ ಕೂಡು ಒಂದೇ ಆಗಿದೆ, ಮುಚ್ಚಿದ ಕಚ್ಚುಗಳು ಎಲ್ಲಿಯೂ ಇಲ್ಲ, ಹಾಗಾಗಿ ಬಾಗಿಲು ಈ ಗೋಡೆಯದೇ.

ಪೆಟ್ಟಿಗೆಯಲ್ಲಿ 1923ರ ಪಾಲುಪಟ್ಟಿಯೂ ಸಿಕ್ಕಿತು. ಅದರಲ್ಲಿ ನಮ್ಮ ಮುತ್ತಜ್ಜನ ಪಾಲಿಗೆ ಬಂದ ಆಸ್ತಿಯನ್ನು ಹೇಳುವಾಗ ‘ಸೋಗೆ ಹೊದಿಕೆಯ ವಾಸದ ಮನೆ’ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಹೆಂಚಿನ ಮೇಲಿನ 1868ನ್ನು ನಂಬಿದ್ದರೆ ನಾನು ಎಷ್ಟು ದೂರ ದಾರಿ ತಪ್ಪುತ್ತಿದ್ದೆನೆಂಬುದು ಆಗ ಅರ್ಥವಾಯಿತು. ಅಟ್ಟದ ಗೋಡೆಯಲ್ಲಿ ನೀವು ಹೇಳಿದ ಓರೆ ಗೆರೆಯೂ ಇದೆ, ಅದರ ಕೆಳಗಿನ ಇಲ್ಲಣ ಬೆರಳಿಗೆ ಮೇಣದ ಹಾಗೆ ಅಂಟುತ್ತದೆ, ತೋಟದ ಅಡಿಕೆ ಬೇಯಿಸಿದ ಹೊಗೆಯೆಲ್ಲ ಅಲ್ಲಿ ಕೂತಿರಬೇಕು. ಕಪ್ಪು ಬಟ್ಟೆಯ ಪುಸ್ತಕದ ಒಂದು ಅಕ್ಷರವನ್ನೂ ನನ್ನಿಂದ ಓದಲಾಗಲಿಲ್ಲ.

ಅಜ್ಜಿ ಹೇಳುತ್ತಿದ್ದ ಶಿವಪ್ಪನಾಯಕನ ಕಾಲ ಸುಳ್ಳೆಂದು ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ.

ಉತ್ತರ – ಹಳೆಯ ಲಿಪಿ ಓದುವವರು

ಆ ಕಪ್ಪು ಪುಸ್ತಕವೇ ಕಡತ. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಹೆಸರು ಬಂದದ್ದು ಇದರಿಂದಲೇ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಆದ್ದರಿಂದಲೇ ಹೇಳುತ್ತೇನೆ, ಅದರ ಮೇಲೆ ಒದ್ದೆ ಬಟ್ಟೆಯನ್ನು ಎಂದಿಗೂ ಸೋಕಿಸಬೇಡಿ, ಒಂದು ಸಲ ಒರೆಸಿದರೆ ನೂರು ವರ್ಷದ ಲೆಕ್ಕ ಹೋಗಿಬಿಡುತ್ತದೆ. ಶೃಂಗೇರಿ ಮಠದಲ್ಲಿ ಇಂತಹ ಕಡತಗಳ ದೊಡ್ಡ ಸಂಗ್ರಹವೇ ಇದೆ. ನಿಮ್ಮ ಹತ್ತಿರದಲ್ಲಿಯೇ ಇರುವ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ತಾಳೆಗರಿ ಮತ್ತು ಕಾಗದಪತ್ರಗಳಿವೆ, ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಓದಲಾಗದಿರಲು ಕಾರಣ ಅದು ಮೋಡಿ ಬರಹ. ಭಾಷೆ ಕನ್ನಡವೇ, ಆದರೆ ಕೈ ಎತ್ತದೆ ಒಂದಕ್ಕೊಂದು ಕೂಡಿಸಿ ಬರೆದದ್ದು. ಒತ್ತಕ್ಷರ, ದೀರ್ಘ, ಪದಗಳ ನಡುವಿನ ಅಂತರ ಯಾವುದಕ್ಕೂ ಬರೆದವರು ಕಾಯುವುದಿಲ್ಲ. ಅಂಕಿಗಳಿಂದ ಆರಂಭಿಸಿ, ಅವು ಬೇಗ ಹಿಡಿತಕ್ಕೆ ಬರುತ್ತವೆ. 20 ಕೊಳಗಕ್ಕೆ ಒಂದು ಖಂಡುಗ, 16 ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕ ಗೊತ್ತಿದ್ದರೆ ಮೊತ್ತ ಹೊಂದಿಸುತ್ತ ಹೋದಂತೆ ಪದಗಳೂ ತೆರೆಯುತ್ತವೆ. ಚಿತ್ರ ತೆಗೆದು ಕಳಿಸಿದರೆ ನಾನೂ ಕೂತು ಓದುತ್ತೇನೆ.

ಅಜ್ಜಿಯವರ ಮಾತಿನ ಬಗ್ಗೆ ನನ್ನ ಅಭಿಪ್ರಾಯವಿದು. ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಅವನು ಗೊತ್ತುಮಾಡಿದ ಭೂಕಂದಾಯದ ‘ಶಿಸ್ತು’ ಮಲೆನಾಡಿನ ತೋಟಗಳಿಗೆ ಬಹುಕಾಲ ಆಧಾರವಾಗಿತ್ತು, ಕೆಳದಿ ಅರಸರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾದ ಮೇಲೆಯೂ ಜನ ಶಿಸ್ತಿನ ಮಾತನ್ನು ಬಿಡಲಿಲ್ಲ. ನಿಮ್ಮ ತೋಟಕ್ಕೆ ಶಿಸ್ತಿನ ಕಾಲದ ಹೆಸರಿದ್ದು, ಅದನ್ನೇ ಅಜ್ಜಿ ಮನೆಗೆ ಹೇಳುತ್ತಿದ್ದಿರಬಹುದು. ತೋಟದ ವಯಸ್ಸನ್ನು ಮನೆಗೆ ಕೊಟ್ಟರೆಂದರೆ ಅದು ಸುಳ್ಳು ಹೇಳಿದಂತಲ್ಲ. ಅದೇ ನಿವೇಶನದಲ್ಲಿ ಹಿಂದೆ ಸೋಗೆ ಮನೆಯೊಂದು ಬೆಂಕಿಗೋ ಗೆದ್ದಲಿಗೋ ಹೋಗಿ, ಇದು ಎರಡನೆಯದೋ ಮೂರನೆಯದೋ ಆಗಿ ಎದ್ದಿರಲೂಬಹುದು. ಎಪಿಗ್ರಾಫಿಯಾ ಕರ್ನಾಟಿಕಾದ 1904ರ ಎಂಟನೆಯ ಸಂಪುಟದಲ್ಲಿ ಸಾಗರ ತಾಲ್ಲೂಕಿನ ಶಾಸನಗಳಿವೆ, ಅದರಲ್ಲಿ ನಿಮ್ಮ ಊರಿನ ಹೆಸರಿದೆಯೇ ಎಂದು ನೋಡಿ.

ಉತ್ತರ – ಗೇಣಿದಾರರ ಮನೆಯವನು, ಕಾಗೋಡಿನ ಕಡೆ

ಇಷ್ಟು ದಿನ ಓದುತ್ತ ಸುಮ್ಮನಿದ್ದೆ. ಅಟ್ಟದಲ್ಲಿರುವ ಎರಡು ಕೊಳಗಗಳ ಬಗ್ಗೆ ಯಾರೂ ಕೇಳಲಿಲ್ಲವಾದ್ದರಿಂದ ನಾನು ಕೇಳುತ್ತಿದ್ದೇನೆ. ಎರಡೂ ಒಂದೇ ಅಳತೆಯವೇ?

ಕೇಳಲು ಕಾರಣವಿದೆ. ನಮ್ಮ ಅಜ್ಜಂದಿರು ಗೇಣಿ ಭತ್ತ ಅಳೆದುಕೊಡುವಾಗ ಒಡೆಯರ ಮನೆಯಲ್ಲಿ ದೊಡ್ಡ ಕೊಳಗದಿಂದ ಅಳೆಸಿಕೊಳ್ಳುತ್ತಿದ್ದರು, ನಮ್ಮವರಿಗೆ ಕಾಳು ಕೊಡುವಾಗ ಸಣ್ಣ ಕೊಳಗ ಹೊರಬರುತ್ತಿತ್ತು. ನಮ್ಮ ಸೀಮೆಯಲ್ಲಿ 1951ರಲ್ಲಿ ನಡೆದ ಕಾಗೋಡು ಸತ್ಯಾಗ್ರಹ ಹುಟ್ಟಿದ್ದೇ ಈ ಕೊಳಗದ ಜಗಳದಿಂದ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು, ಶಾಂತವೇರಿ ಗೋಪಾಲಗೌಡರು ಹೋರಾಟಕ್ಕಿಳಿದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ನಮ್ಮ ಮನೆಯಲ್ಲಿ ಇದು ಪುಸ್ತಕದ ವಿಷಯವಲ್ಲ, ಅಜ್ಜ ಹೊಲ ಉಳಲು ಹೋಗಿ ಜೈಲಿಗೆ ಹೋದ ವಿಷಯ.

ನಿಮ್ಮ ಮನೆಯವರನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಮನೆಯ ಇತಿಹಾಸವನ್ನು ಬರೆಯುತ್ತೇನೆಂದು ನೀವು ಮನಸಾರೆ ಹೊರಟಿರುವಿರಿ, ಆದರೆ ಇದುವರೆಗಿನ ಎಲ್ಲ ಉತ್ತರಗಳೂ ಯಜಮಾನರ ಹೆಸರನ್ನು ಹುಡುಕುವ ದಾರಿಯನ್ನೇ ಹೇಳಿವೆ. ಜಂಬಿಟ್ಟಿಗೆಯನ್ನು ಕಡಿದವರು, ಹೊತ್ತವರು, ವರ್ಷ ವರ್ಷವೂ ಸೋಗೆ ಹೊದಿಸಿದವರು ಪಾಲುಪಟ್ಟಿಯಲ್ಲಿ ಇರುವುದಿಲ್ಲ. ಅವರನ್ನು ಹುಡುಕುವುದಕ್ಕೂ ಒಂದು ದಾಖಲೆಯಿದೆ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದ ಮೇಲೆ ಗೇಣಿದಾರರು 7ನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟರು, ಅದಕ್ಕೆ 1979ರ ಜೂನ್ 30ರವರೆಗೆ ಅವಕಾಶವಿತ್ತು. ಆ ಅರ್ಜಿ, ಇಬ್ಬರ ಹೇಳಿಕೆ, ಸ್ಥಳ ಮಹಜರು, ಭೂ ನ್ಯಾಯಮಂಡಳಿಯ ಆದೇಶ ಎಲ್ಲವೂ ಒಂದೇ ಕಡತದಲ್ಲಿ ತಾಲ್ಲೂಕು ಕಚೇರಿಯಲ್ಲಿ ಇರುತ್ತವೆ. ನಮ್ಮ ಅಜ್ಜಿಯ ಮಾತು ಅವರು ಆಡಿದಂತೆಯೇ ಬರಹಕ್ಕಿಳಿದ ಒಂದೇ ಒಂದು ಕಾಗದ ನನಗೆ ಸಿಕ್ಕಿದ್ದು ಅಂತಹ ಕಡತದಲ್ಲಿ. ಕೆಳಗೆ ಹೆಬ್ಬೆಟ್ಟಿನ ಗುರುತಿತ್ತು.

ಪ್ರಶ್ನೆ ಕೇಳಿದವರು – ಸಾಗರದ ಮೊಮ್ಮಗಳು

ನಿಮ್ಮ ಮಾತನ್ನು ಓದಿ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಎರಡೂ ಕೊಳಗಗಳಿಗೆ ಅಕ್ಕಿ ತುಂಬಿ ಅಳೆಯಲು ಕೇಳಿಕೊಂಡೆ. ಒಂದೇ ಅಳತೆಯಲ್ಲ. ದೊಡ್ಡದರಲ್ಲಿ ತುಂಬಿದ ಅಕ್ಕಿಯನ್ನು ಸಣ್ಣದಕ್ಕೆ ಸುರಿದರೆ ಉಕ್ಕಿ ಜಗಲಿಯ ಮೇಲೆ ಬೀಳುತ್ತದೆ. ಚಿಕ್ಕಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಸಣ್ಣವನಿದ್ದಾಗ ದೊಡ್ಡ ಕೊಳಗವನ್ನು ಆಟಕ್ಕೆ ತೆಗೆದುಕೊಂಡರೆ ಅಜ್ಜ ಬೈಯುತ್ತಿದ್ದರೆಂದು ಹೇಳಿದರು.

ಇದನ್ನೂ ಬರೆಯುತ್ತೇನೆ. ನ್ಯಾಯಮಂಡಳಿಯ ಕಡತಕ್ಕೆ ನಕಲು ಅರ್ಜಿ ಹಾಕಿದ್ದೇನೆ.

ಉತ್ತರ – ನಿವೃತ್ತ ಭೂಮಾಪಕ

ಕಡತ ಬಂದ ಮೇಲೆ ಮಹಜರಿನ ಚಕ್ಕುಬಂದಿಯನ್ನು ಟಿಪ್ಪಣಿಯ ಮೇಲಿಟ್ಟು ನೋಡಿ, ಎರಡೂ ಒಂದೇ ಜಾಗದ್ದೋ ಎಂದು ಖಚಿತವಾಗುತ್ತದೆ. ಮಾಡು ಇಳಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಪ್ರತಿ ಕೋಣೆಯ ಉದ್ದ, ಅಗಲ, ಎರಡು ಕರ್ಣಗಳನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿ. ಕರ್ಣಗಳು ಸಮ ಬಾರದಿದ್ದರೆ ಕೋಣೆ ಆಮೇಲೆ ಸೇರಿಸಿದ್ದೆಂಬ ಅನುಮಾನಕ್ಕೆ ಎಡೆಯಿದೆ. ಗೋಡೆಯ ದಪ್ಪವನ್ನೂ ಪ್ರತಿ ಬಾಗಿಲಲ್ಲಿ ಅಳೆಯಿರಿ, ಹಳೆಯ ಹೊರಗೋಡೆ ಈಗ ಒಳಗೋಡೆಯಾಗಿದ್ದರೆ ಅದು ದಪ್ಪದಲ್ಲಿಯೇ ಸಿಕ್ಕಿಬೀಳುತ್ತದೆ. ತೊಲೆ ಕಂಬಗಳಿಗೆ ಮುಳುಗಡೆಯವರು ಮಾಡಿದಂತೆ ಒಂದೊಂದು ಸಂಖ್ಯೆ ಕೊಟ್ಟು, ಅದು ಇದ್ದ ಜಾಗದಲ್ಲಿರುವಾಗಲೇ ಚಿತ್ರ ತೆಗೆಯಿರಿ.

ಪ್ರಶ್ನೆ ಕೇಳಿದವರು – ಸಾಗರದ ಮೊಮ್ಮಗಳು

ದೀಪಾವಳಿ ಕಳೆಯಿತು. ಕಡತ ಸಿಕ್ಕಿದೆ. ಮಹಜರಿನಲ್ಲಿ ನಮ್ಮ ಮನೆ ‘ಹೆಂಚು ಹೊದಿಕೆಯ ವಾಸದ ಮನೆ’ ಎಂದಿದೆ. ಸೋಗೆ ಹೋಗಿ ಹೆಂಚು ಬಂದದ್ದು 1923ಕ್ಕೂ ಆ ಮಹಜರಿಗೂ ನಡುವೆ. ಕಪ್ಪು ಕಡತದ ಚಿತ್ರಗಳನ್ನು ಲಿಪಿ ಓದುವವರಿಗೆ ಕಳಿಸಿದ್ದೇನೆ. ಮೊದಲ ನಾಲ್ಕು ಮಡಿಕೆಗಳು ಭತ್ತದ ಲೆಕ್ಕವೆಂದೂ ಐದನೆಯದರಲ್ಲಿ ಕಲ್ಲು ಕಡಿದವರಿಗೆ ಕೊಟ್ಟ ಕೂಲಿಯಿದೆಯೆಂದೂ ಅವರು ತಿಳಿಸಿದ್ದಾರೆ. ಕೂಲಿಯ ಲೆಕ್ಕದಲ್ಲಿ ಐದು ಹೆಸರುಗಳಿವೆ, ಯಾವುದಕ್ಕೂ ಮನೆತನದ ಹೆಸರಿಲ್ಲ.

ನ್ಯಾಯಮಂಡಳಿಯ ಕಡತದಲ್ಲಿ ಅರ್ಜಿ ಕೊಟ್ಟವರ ಮಗ ಈಗಲೂ ನಮ್ಮ ಊರಿನ ಆಚೆ ಕೇರಿಯಲ್ಲಿದ್ದಾರೆ. ಎಂಬತ್ತು ದಾಟಿದ್ದಾರೆ. ಚಿಕ್ಕಪ್ಪ ಮತ್ತು ನಾನು ಇಬ್ಬರೂ ಹೋಗಿದ್ದೆವು. ಅವರ ಮನೆಯ ಗೋಡೆಯಲ್ಲಿ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಬರೆದ ಹಸೆ ಚಿತ್ತಾರ ಇತ್ತು, ಕಳೆದ ವರ್ಷ ಮೊಮ್ಮಗಳ ಮದುವೆಗೆ ಬರೆದದ್ದಂತೆ. ಐದು ಹೆಸರುಗಳನ್ನು ನಾನು ಓದಿದೆ. ಮೂರನೆಯ ಹೆಸರಿಗೆ ಅವರು ಕೈ ಎತ್ತಿ ನಿಲ್ಲಿಸಿ, ಅದು ತನ್ನ ಅಜ್ಜನ ಅಪ್ಪನ ಹೆಸರೆಂದರು. ಅವರೇ ಇವರೋ ಎಂಬುದಕ್ಕೆ ನನ್ನ ಬಳಿ ಬೇರೆ ಸಾಕ್ಷಿಯಿಲ್ಲ, ಹಾಗೆಂದೇ ಬರೆದುಕೊಂಡಿದ್ದೇನೆ. ಕಲ್ಲನ್ನು ಎಲ್ಲಿಂದ ತಂದದ್ದೆಂದು ಕೇಳಿದಾಗ ಅವರು ಕೋಲು ಊರಿಕೊಂಡು ಎದ್ದು, ಗದ್ದೆಯ ಬದುವಿನ ಮೇಲೆ ನಮ್ಮನ್ನು ಕರೆದುಕೊಂಡು ಹೋಗಿ, ನಮ್ಮ ಮನೆಯ ಹಿಂದಿನ ಗುಡ್ಡದ ಬದಿಯಲ್ಲಿ ಪೊದೆ ಬೆಳೆದ ಒಂದು ಹೊಂಡವನ್ನು ತೋರಿಸಿದರು. ಬಾಲ್ಯದಲ್ಲಿ ನಾವೆಲ್ಲ ಅಲ್ಲಿ ಕಣ್ಣಾಮುಚ್ಚಾಲೆ ಆಡಿದ್ದೇವೆ. ಪೊದೆ ಸರಿಸಿದರೆ ಕಲ್ಲು ಕಡಿದ ಏಟುಗಳು ಸಾಲು ಸಾಲಾಗಿ ಈಗಲೂ ಇವೆ.

ಅಡುಗೆಮನೆಯ ಗೋಡೆಗೆ ಬೇಕಾದ ಕಲ್ಲನ್ನು ಅಲ್ಲಿಂದಲೇ ಕಡಿಸಬಹುದೇ ಎಂದು ಚಿಕ್ಕಪ್ಪ ಕೇಳಿದರು. ಮೇಲಿನ ಪದರ ಮೆತ್ತಗಿದೆ, ಎರಡು ಮೊಳ ಕೆಳಗೆ ಹೋದರೆ ಗಟ್ಟಿ ಸಿಗುತ್ತದೆ, ಕಡಿದ ಕಲ್ಲನ್ನು ಒಂದು ಬೇಸಿಗೆ ಬಿಸಿಲಿಗೆ ಬಿಟ್ಟು ಆಮೇಲೆ ಕಟ್ಟಿ ಎಂದು ಅವರು ಹೇಳಿದರು. ಹಾಗಾಗಿ ಗೋಡೆಯ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಿದ್ದೇವೆ. ಅಲ್ಲಿಯವರೆಗೆ ಅಡಿಕೆ ಮರದ ಊರೆ ಕೊಟ್ಟು ನಿಲ್ಲಿಸಿದ್ದೇವೆ.